ಕೆಂಪು ಕಾರಿನ ವಾರಸುದಾರರು

ಐವತ್ತು ದಾಟಿದ ಗಂಡಸು ಸಿಕ್ಕಿಹಾಕಿಕೊಳ್ಳುವುದಕ್ಕೆ ಈ ಜಗತ್ತಿನಲ್ಲಿ ಗೌರವಸ್ಥ ಜಾಗಗಳು ಬೇಕಾದಷ್ಟಿವೆ. ಲಿಫ್ಟಿದೆ, ಸಭೆಯಿದೆ, ಕಡೇಪಕ್ಷ ಸಂಸಾರವಿದೆ. ಚಾಳೀಸು ಯಜಮಾನರು ಮಾತ್ರ ಮಕ್ಕಳ ತಗಡಿನ ಕಾರಿನಲ್ಲಿ ಸಿಕ್ಕಿಹಾಕಿಕೊಂಡರು. ಅದೂ ನಲ್ಲಿ ರಿಪೇರಿಯವನ ಎದುರಿಗೆ.

(ಕನ್ನಡಕದ ಅಂಗಡಿ ಇಟ್ಟಿದ್ದರಿಂದ ಬೀದಿಯವರು ಕೊಟ್ಟ ಬಿರುದು ‘ಚಾಳೀಸು’. ‘ಯಜಮಾನರು’ ಎನ್ನುವುದನ್ನು ಅವರೇ ಸೇರಿಸಿಕೊಂಡಿದ್ದರು. ಮನೆಯೊಳಗೆ ಅದು ಚಲಾವಣೆಯಲ್ಲಿರಲಿಲ್ಲ.)

ಆದದ್ದಿಷ್ಟು. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಪೈಪು ಸೋರುತ್ತಿತ್ತು. ರಿಪೇರಿಯವನು ಒಳಗೆ ನುಗ್ಗಬೇಕಾದರೆ ಅಲ್ಲಿ ತುರುಕಿದ್ದನ್ನೆಲ್ಲ ಹೊರಗೆ ಹಾಕಬೇಕಿತ್ತು. ಹರಿದ ಹಾಸಿಗೆ ಬಂತು, ನಾಳೆ ರಿಪೇರಿ ಮಾಡಿಸೋಣ ಎಂದು ಹೇಳಿಸಿಕೊಳ್ಳುತ್ತಲೇ ಮುದಿಯಾದ ಮೂರು ಕಾಲಿನ ಕುರ್ಚಿ ಬಂತು, ಅದರ ಹಿಂದೆ ಕೆಂಪು ಕಾರು ಬಂತು. ಒಳಗೆ ಕೂತು ಪೆಡಲ್ ತುಳಿಯುವಂಥದ್ದು. ಯಜಮಾನರ ಕಣ್ಣು ಮಂಜಾಯಿತು. (ಈ ಮಂಜಿಗೆ ಅವರ ಅಂಗಡಿಯಲ್ಲಿ ಗಾಜಿರಲಿಲ್ಲ.) “ನನ್ನ ಕಾರು” ಅಂದರು. ಅಂದವರೇ ಒಂದು ಕಾಲು ಒಳಗಿಟ್ಟರು, ಇನ್ನೊಂದನ್ನೂ ಇಟ್ಟರು, ಕೂತರು. ಕೂರುವ ತನಕ ಎಲ್ಲ ಸುಸೂತ್ರವಾಗಿಯೇ ಇತ್ತು.

ಏಳಲು ಹೋದಾಗ ಕಾರೂ ಜೊತೆಗೆ ಎದ್ದಿತು.

“ರೀ, ಉಸಿರು ಒಳಗೆ ಎಳ್ಕೊಳ್ಳಿ” ಅಂದಳು ಹೆಂಡತಿ, ಒಂದು ತೋಳು ಹಿಡಿದು ಜಗ್ಗುತ್ತ.

“ಎಳ್ಕೊಂಡಿದೀನಿ ಕಣೇ.”

“ಹಾಗಾದ್ರೆ ಇದೇನು?” ಎಂದು ಹೊಟ್ಟೆಯನ್ನು ಬೆರಳಿನಿಂದ ತಿವಿದಳು.

ರಿಪೇರಿಯವನು ಸುತ್ತು ಬಂದು ನೋಡಿ, ಪ್ರಾಮಾಣಿಕವಾಗಿ ಅಭಿಪ್ರಾಯ ಕೊಟ್ಟ. “ಪೈಪಾಗಿದ್ರೆ ಎರಡು ಕಡೆ ಕೊಯ್ದು ಬಿಡಿಸಿಬಿಡ್ತಿದ್ದೆ ಸಾರ್. ನಿಮ್ಮನ್ನ ಏನ್ ಮಾಡೋದು?”

ಅಷ್ಟರಲ್ಲಿ ಕೀ ಕೇಳಲು ಬಂದ ಅಂಗಡಿಯ ಹುಡುಗಿಯೂ ಕೈಜೋಡಿಸಬೇಕಾಯಿತು. ಸೋಪಿನ ನೀರು ಸುರಿದು, ಮೂವರೂ ಸೇರಿ ಎಳೆದು, ಶೀಸೆಯ ಬಿರಡೆ ಕಿತ್ತಂಥ ಸದ್ದಿನೊಂದಿಗೆ ಯಜಮಾನರು ಬಿಡುಗಡೆಯಾದರು. ಪ್ಯಾಂಟಿನ ಒಂದು ಮುಖ್ಯ ಭಾಗ ಕಾರಿನಲ್ಲೇ ಉಳಿಯಿತು. ಹುಡುಗಿ ಅತಿ ಸಭ್ಯತೆಯಿಂದ ಗೋಡೆ ಗಡಿಯಾರ ನೋಡುತ್ತಾ ನಿಂತಳು. ಅಂದಿನಿಂದ ಅವಳು ‘ಸಾರ್’ ಅನ್ನುವ ಮೊದಲು ಒಂದು ಕ್ಷಣ ತಡೆಯತೊಡಗಿದಳು.

ಇದಿಷ್ಟನ್ನೂ ಜಗಲಿಯ ಕುರ್ಚಿಯಲ್ಲಿ ಕೂತ ತಾಯಿ ಪೇಪರಿನ ಮೇಲಿನಿಂದ ನೋಡಿದರು.

ಇಲ್ಲಿಗೇ ಮುಗಿಸಿದ್ದರೆ ಚೆನ್ನಾಗಿತ್ತು. ಯಜಮಾನರು ಸಂಜೆ ಕಾರಿನ ಫೋಟೋ ತೆಗೆದು ಮನೆಮಂದಿಯ ವಾಟ್ಸಾಪಿಗೆ ಹಾಕಿದರು. ಚಹಾ ಆರುವ ಮೊದಲೇ ಅಣ್ಣನ ಫೋನು ಬಂತು.

“ಲೋ, ನನ್ನ ಕಾರು ಸಿಕ್ತಂತಲ್ಲೋ. ಭಾನುವಾರ ಬಂದು ತಗೊಂಡು ಹೋಗ್ತೀನಿ. ಕ್ಲಿನಿಕ್ಕಿನಲ್ಲಿ ಕಾಯೋ ಜಾಗದಲ್ಲಿಟ್ರೆ ಮಕ್ಕಳು ಅಳೋದಾದ್ರೂ ಕಡಿಮೆಯಾಗುತ್ತೆ.”

ಅಣ್ಣ ಹಲ್ಲಿನ ಡಾಕ್ಟರು. ಯಜಮಾನರೂ ಡಾಕ್ಟರಾಗಬೇಕೆಂದು ಹೊರಟವರೇ. ಆಗಲಾರದೆ, ಕಣ್ಣಿನ ಹತ್ತಿರ ಹತ್ತಿರ ಬಂದು ಕನ್ನಡಕದಲ್ಲಿ ನಿಂತರು. ಚಿಕ್ಕಂದಿನಿಂದ ಅವರಿಗೆ ಎಲ್ಲವೂ ಅಣ್ಣನ ಮೈಮೇಲಿಂದ ಇಳಿದೇ ಬಂದದ್ದು: ಅಂಗಿ, ಪುಸ್ತಕ, ಸೈಕಲ್ಲು. ಹೊಸ ತರಗತಿಗೆ ಹೋದರೆ ಮೇಷ್ಟ್ರು “ಓ, ನೀನು ಅವನ ತಮ್ಮನಾ” ಎನ್ನುತ್ತಿದ್ದರು. ವರ್ಷದ ಕೊನೆಗೂ ಅದನ್ನೇ ಅನ್ನುತ್ತಿದ್ದರು, ದನಿ ಮಾತ್ರ ಬೇರೆ. ಅಣ್ಣ ದಾಟಿಸದೆ ನೇರವಾಗಿ ಸಿಕ್ಕ ಆಸ್ತಿ ಒಂದೇ, ಆ ಕೆಂಪು ಕಾರು. ಅದನ್ನು ಮದುವೆಯಾದ ಹೊಸತರಲ್ಲಿ ಹೆಂಡತಿಗೆ ವರ್ಣಿಸಿದ್ದರು, ಮಗಳನ್ನು ಅದರ ಕಥೆ ಹೇಳಿಯೇ ಮಲಗಿಸಿದ್ದರು. ಶಾಲೆಯ ಪಕ್ಕದ ರಸ್ತೆ, ಕಿವಿಗೆ ಬಡಿಯುವ ಗಾಳಿ, ಗಡಗಡ ಚಕ್ರ, ಮುಂದೆ ಇಳಿಜಾರು. ಗಿರಾಕಿ ಬಾರದ ಮಧ್ಯಾಹ್ನಗಳಲ್ಲಿ, ಊರಿಗೆಲ್ಲ ದೃಷ್ಟಿ ಕೊಡುವ ಆ ಮಹಾನುಭಾವರು ಕಣ್ಣು ಮುಚ್ಚಿ ಅದೇ ರಸ್ತೆಗೆ ಹೋಗಿಬರುತ್ತಿದ್ದರು. ಇಳಿಜಾರು ಶುರುವಾಗುವಲ್ಲಿ ಯಾಕೋ ನೆನಪು ನಿಂತುಬಿಡುತ್ತಿತ್ತು. ವಯಸ್ಸಾಯಿತಲ್ಲ, ಅಂದುಕೊಳ್ಳುತ್ತಿದ್ದರು.

“ಕೊಟ್ಟುಬಿಡಿ ಅತ್ಲಾಗೆ” ಅಂದಳು ಹೆಂಡತಿ. “ಅದರಲ್ಲಿ ನೀವು ಹೇಗೂ ಹಿಡಿಸಲ್ಲ.”

“ಹಿಡಿಸೋ ಪ್ರಶ್ನೆ ಅಲ್ಲ ಕಣೇ, ಹಕ್ಕಿನ ಪ್ರಶ್ನೆ. ನನಗೆ ಅಂತ ಇದ್ದದ್ದು ಅದೊಂದೇ. ಅದನ್ನೂ ಅವನಿಗೆ ಕೊಟ್ರೆ ನನ್ನ ಬಾಲ್ಯದಲ್ಲಿ ಉಳಿಯೋದು ದಡಾರ ಒಂದೇ.”

“ಅದನ್ನಾದ್ರೂ ಸ್ವಂತ ತಂದ್ಕೊಂಡಿದ್ರಾ?”

ಅದೂ ಅಣ್ಣನಿಂದಲೇ ಅಂಟಿದ್ದು. ಯಜಮಾನರು ತಾಯಿಯ ಬಳಿ ಮೇಲ್ಮನವಿಗೆ ಹೋದರು. “ಅಮ್ಮ, ನೀನೇ ಹೇಳು. ಕಾರು ಯಾರದ್ದು?”

“ಇಬ್ಬರೂ ಆಡ್ತಿದ್ರಿ” ಅಂದರು ತಾಯಿ, ಪೇಪರಿನ ಪುಟ ತಿರುಗಿಸಿ. ವಿದೇಶಾಂಗ ಇಲಾಖೆಯಲ್ಲಿರಬೇಕಾದವರು.

ಭಾನುವಾರ ಅಣ್ಣ ಬಂದರು. ತಲೆ ಫಳಫಳ, ಹಲ್ಲು ಅದಕ್ಕಿಂತ ಫಳಫಳ. ಮನೆಯಲ್ಲಿದ್ದ ಒಳ್ಳೆಯ ಕುರ್ಚಿಯಲ್ಲಿ, ಅಂದರೆ ಯಜಮಾನರ ಕುರ್ಚಿಯಲ್ಲಿ ಕೂತರು. ‘ನನ್ನದು’ ಎಂದು ತಮ್ಮ, ‘ಹುಚ್ಚಪ್ಪ, ನನ್ನದು ಕಣೋ’ ಎಂದು ಅಣ್ಣ, ಕಾಫಿ ಲೋಟ ಖಾಲಿಯಾದರೂ ವ್ಯಾಜ್ಯ ಖಾಲಿಯಾಗಲಿಲ್ಲ. ಕೊನೆಗೆ ಹೆಂಡತಿಯೇ ನ್ಯಾಯಪೀಠ ಏರಿದಳು.

“ಇಬ್ಬರೂ ಕಣ್ಣು ಮುಚ್ಕೊಳ್ಳಿ. ಕಾರು ಈಗ ಹೇಗಿದೆ ಅಂತ ಬೇಡ, ಆಗ ಹೇಗಿತ್ತು ಹೇಳಿ. ಅತ್ತೆ ಕೇಳಿಸ್ಕೊಳ್ತಾರೆ.”

ಯಜಮಾನರಿಗೆ ಖುಷಿಯಾಯಿತು. ನೋಡುವುದು ಅವರ ಕಸುಬು. ಹಲ್ಲಿನವರಿಗೆ ಬಾಯಿ ಬಿಟ್ಟರೆ ಬೇರೇನು ಗೊತ್ತು?

“ಸ್ಟಿಯರಿಂಗ್ ನಡುವೆ ಹಳದಿ ಗುಂಡಿ” ಅಂದರು ಅಣ್ಣ. “ಒತ್ತಿದ್ರೆ ಪೀಂ ಅನ್ನೋದು. ಪಕ್ಕದಲ್ಲಿ ಒಂದು ಪುಟಾಣಿ ಕನ್ನಡಿ. ಪೆಡಲ್ಲು ತಂದ ವಾರವೇ ಮುರಿದುಹೋಯ್ತು.”

“ಪೆಡಲ್ ಮುರಿದ ಮೇಲೆ ಕಾರು ಹೋಗ್ತಿದ್ದದ್ದು ಹೇಗೆ ಭಾವ?”

ಅಣ್ಣ ಕಣ್ಣು ಮುಚ್ಚಿಕೊಂಡೇ ಸ್ವಲ್ಪ ಯೋಚಿಸಿದರು. ಈ ಪ್ರಶ್ನೆ ಅವರಿಗೆ ಜೀವಮಾನದಲ್ಲಿ ಬಂದಿರಲಿಲ್ಲ. “ಹೋಗ್ತಿತ್ತಮ್ಮ” ಅಂದರು. “ಅದೇ ಹೋಗ್ತಿತ್ತು.”

ಈಗ ಯಜಮಾನರ ಸರದಿ. ಅವರು ಗಂಟಲು ಸರಿಮಾಡಿಕೊಂಡರು. “ಹಿಂದಿನ ಬಂಪರು ಎಡಗಡೆ ಸೊಟ್ಟ. ಅದರ ಮೇಲೆ ಬಿಳೀ ಬಣ್ಣದಲ್ಲಿ ನಂಬರು. ಒಂದು ಸ್ಕ್ರೂ ಹೊರಗೆ ಬಂದಿತ್ತು, ನನ್ನ ಅಂಗಿ ತೋಳು ದಿನಾ ಅದಕ್ಕೆ ಸಿಕ್ಕಿ ಹರಿಯೋದು. ಹಿಂದುಗಡೆ ಎರಡು ಕಡೆ ಬಣ್ಣ ಸವೆದುಹೋಗಿತ್ತು, ಅಂಗೈ ಅಗಲ.” ಇಷ್ಟು ಖಚಿತವಾದ ಸಾಕ್ಷಿ ಯಾವ ನ್ಯಾಯಾಲಯವೂ ಕೇಳಿರಲಾರದು ಎಂಬ ಗರ್ವದಿಂದ ನಿಲ್ಲಿಸಿದರು.

“ಅದೆಲ್ಲ ಹಿಂದೆ ಆಯ್ತು” ಅಂದಳು ಹೆಂಡತಿ. ದನಿ ಯಾಕೋ ತಗ್ಗಿತ್ತು. “ಮುಂದೆ ಏನಿತ್ತು ರೀ?”

“ಮುಂದೆ...” ಯಜಮಾನರು ಕಣ್ಣುಗಳನ್ನು ಇನ್ನಷ್ಟು ಬಿಗಿಯಾಗಿ ಮುಚ್ಚಿದರು. “ಮುಂದೆ ಅಣ್ಣನ ತಲೆ. ಎರಡು ಸುಳಿ ಇತ್ತು.”

ಅಣ್ಣನ ಕೈ ತಾನಾಗಿ ಬೋಳು ನೆತ್ತಿಯ ಮೇಲೆ ಹೋಗಿ ತಡಕಾಡಿತು. “ಎರಡಿತ್ತಾ?” ಅಂದರು. “ನನಗೆ ಗೊತ್ತೇ ಇರಲಿಲ್ಲ ನೋಡು.”

ಯಜಮಾನರು ಕಣ್ಣು ಬಿಟ್ಟರು. ಸ್ಟಿಯರಿಂಗ್ ನೆನಪಿಗೆ ತಂದುಕೊಳ್ಳಲು ನೋಡಿದರು, ಬರಲಿಲ್ಲ. ಗಾಳಿ ಬಂತು, ಗಡಗಡ ಬಂತು, ರಸ್ತೆ ಬಂತು. ಇಳಿಜಾರಿನಲ್ಲಿ ಕಾರು ಕೈಬಿಟ್ಟು ತನ್ನಷ್ಟಕ್ಕೆ ಓಡುತ್ತಿತ್ತು, ಎರಡು ಸುಳಿ ಸಣ್ಣದಾಗುತ್ತಾ ಹೋಗುತ್ತಿತ್ತು. ನೆನಪು ಅಲ್ಲಿ ನಿಲ್ಲುತ್ತಿದ್ದದ್ದು ವಯಸ್ಸಿನಿಂದಲ್ಲ. ಅವರೇ ಅಲ್ಲಿ ನಿಲ್ಲುತ್ತಿದ್ದರು.

ತೀರ್ಪನ್ನು ಯಾರೂ ಓದಿ ಹೇಳಬೇಕಾಗಲಿಲ್ಲ. ಕಾರನ್ನು ಗೇಟಿನ ತನಕ ಒಯ್ಯುವುದೊಂದೇ ಉಳಿದಿತ್ತು. ಎತ್ತೋಣವೆಂದರೆ ಅಣ್ಣನಿಗೆ ಸೊಂಟನೋವು, ಉರುಳಿಸೋಣವೆಂದರೆ ಮುಂದಿನ ಚಕ್ರ ಒಂದೇ ಕಡೆಗೆ ಎಳೆಯುತ್ತಿತ್ತು.

“ನಾನು ಸ್ಟಿಯರಿಂಗ್ ಹಿಡ್ಕೊಳ್ತೀನಿ” ಅಂದರು ಅಣ್ಣ, ಎಂದಿನ ಔದಾರ್ಯದಿಂದ. “ನೀನು ಹಿಂದಿನಿಂದ ಸ್ವಲ್ಪ ತಳ್ಳೋ.”

ಯಜಮಾನರು ಬಗ್ಗಿದರು. ಕೈಗಳು ಬಣ್ಣ ಸವೆದ ಆ ಎರಡು ಜಾಗಗಳಿಗೆ ತಾವಾಗಿಯೇ ಹೋಗಿ ಕೂತವು. ಕಾರು ಗಡಗಡ ಎಂದು ಬಹಳ ಚೆನ್ನಾಗಿ ಹೋಯಿತು. ಹೊರಗೆ ಬಂದಿದ್ದ ಸ್ಕ್ರೂ ಕೂಡ ತನ್ನ ಹಳೆಯ ಕರ್ತವ್ಯ ಮರೆತಿರಲಿಲ್ಲ, ಇಸ್ತ್ರಿ ಮಾಡಿದ ಅಂಗಿಯ ತೋಳು ಪರ್ರೆಂದಿತು.

“ಬಾರೋ ಕ್ಲಿನಿಕ್ ಕಡೆ, ಹಲ್ಲು ಕ್ಲೀನ್ ಮಾಡಿಕೊಡ್ತೀನಿ” ಎಂದು ಅಣ್ಣ ಹೊರಟುಹೋದರು. ಹಿಂದೆ ತಿರುಗಿ ನೋಡಲಿಲ್ಲ. ಪಾಪ, ಆ ಅಭ್ಯಾಸವೇ ಇರಲಿಲ್ಲ.

ಯಜಮಾನರು ಗೇಟು ಹಾಕಿ ಬಂದು ಜಗಲಿಯ ಮೆಟ್ಟಿಲ ಮೇಲೆ ಕೂತರು. ಹೆಂಡತಿ ಸೂಜಿದಾರ ತಂದು ತೋಳು ಹೊಲಿಯತೊಡಗಿದಳು. ಅವತ್ತು ಅವಳು ಒಂದೂ ಕೊಂಕು ಆಡಲಿಲ್ಲ. ಯಜಮಾನರಿಗೆ ನೋವಾದದ್ದು ಅದರಿಂದಲೇ.

“ಅಮ್ಮ” ಅಂದರು ಕೊನೆಗೆ. “ನಾನು ಒಂದೇ ಒಂದು ಸಲವಾದ್ರೂ ಅದರಲ್ಲಿ ಕೂತಿದ್ನಾ?”

ತಾಯಿ ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡರು.

“ಕೂತಿದ್ಯಲ್ಲೋ” ಅಂದರು. “ಮೊನ್ನೆ.”