ಕೆರೆ ದಂಡೆಯ ನಲವತ್ತಾರು ಗಂಟು

ಈ ಕ್ರಿಸ್‌ಮಸ್ ರಜೆಗೆ ಮುಂಚೆ ನಾನು ಭೀಷ್ಮನೂ ಬೆಚ್ಚುವಂಥ ಪ್ರತಿಜ್ಞೆ ಮಾಡಿದೆ. "ಮೈಸೂರಾಗೆ ನಾಲ್ಕು ದಿನ ಮಗ್ಗದ ಸುದ್ದಿ ಎತ್ತಿದ್ರೆ ನನ್ನ ಹೆಸರು ವೇಣುಗೋಪಾಲ್ ಅಲ್ಲ ಕಣೆ!"

ಹಿಂದೂಪುರದಲ್ಲಿ ಇಪ್ಪತ್ತೆಂಟು ವರ್ಷದಿಂದ ರೇಷ್ಮೆ ಸೀರೆ ನೇಯುವವನ ಈ ಮಾತನ್ನು ಹೆಂಡತಿ ಶೋಭಾರಾಣಿ ನಂಬಲಿಲ್ಲ. "ಮಗ್ಗ ನಿಮ್ ಬಾಯಾಗಿಲ್ಲ ಕಣ್ರೀ, ಬೆರಳಾಗೈತೆ. ಕುಂದುರ್ಪಿ ಊರಾಗೆ ಮದ್ವೆ ಊಟಕ್ಕೆ ಕುಂತು ಪಕ್ಕದೋರ ಪಂಚೆ ಅಂಚು ತಿರುಗ್ಸಿ ನೋಡ್ಲಿಲ್ವಾ?"

ನೋಡಿದ್ದೆ. ಅಂಚು ಕಳಪೆಯಾಗಿತ್ತು, ಆ ಮಾತು ಬೇರೆ!

"ಈ ಸಲ ಮಾನ ಕಳೀಬ್ಯಾಡ್ರಿ. ನಂಗಿದೊಂದೇ ಚಾನ್ಸು" ಅಂದಳು.

ಆ ಚಾನ್ಸಿನ ಕಥೆ ಇಷ್ಟು. ಇಪ್ಪತ್ತೆರಡು ವರ್ಷದ ಹಿಂದೆ ಅವಳಿಗೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಎಂ.ಎ. ಸೀಟು ಸಿಕ್ಕಿತ್ತು. ಪತ್ರ ಕಲ್ಯಾಣದುರ್ಗದ ತವರಿಗೆ ಬಂದ ವಾರವೇ ಹೆಣ್ಣು ನೋಡಲು ನಾನೂ ಹೋದೆ. ಪತ್ರ ಟ್ರಂಕು ಸೇರಿತು, ಅವಳು ನಮ್ಮ ಮನೆ ಸೇರಿದಳು. ಈಗ ಮೈಸೂರಿನಲ್ಲಿರುವ ಅವಳ ತಮ್ಮ ಆನಂದಕುಮಾರ್ ಫೋನ್ ಮಾಡಿ, ಮನೆಯಲ್ಲಿದ್ದೇ ಎಂ.ಎ. ಓದಬಹುದು, ಅರ್ಜಿ ಹಾಕಲು ಈ ತಿಂಗಳ ಮೂವತ್ತೊಂದು ಕೊನೆ ಎಂದಿದ್ದ. ಅಂದು ಪತ್ರಕ್ಕೆ ಸಹಿ ಹಾಕಿದ್ದ ಪದ್ಮಲತಾ ಮೇಡಂ ನಿವೃತ್ತರಾಗಿ ಅಲ್ಲೇ ಇದ್ದಾರೆ. "ಅವ್ರು ಓದು ಅಂದ್ರೆ ಓದ್ತೀನಿ. ಈ ವಯಸ್ನಾಗೆ ಬ್ಯಾಡ ಅಂದ್ರೆ ಇನ್ನೊಂದ್ ಸಲ ಆ ಮಾತೆತ್ತಲ್ಲ" ಎಂದು ಹೆಂಡತಿ ತೀರ್ಮಾನ ಮಾಡಿಬಿಟ್ಟಿದ್ದಳು.

ಮೈಸೂರು ಕನಸಿನಂತಿತ್ತು. ಬಾಮೈದನ ಬೀದಿಯಲ್ಲಿ ಮನೆಮನೆಗೂ ನಕ್ಷತ್ರದ ದೀಪ. ವಿಶ್ವವಿದ್ಯಾಲಯದ ಹಾದಿಯಲ್ಲಿ ಶೋಭಾ ಒಂದೊಂದು ಮರವನ್ನೂ ಮುಟ್ಟಿಕೊಂಡು, ಕ್ಲಾಸಿಗೆ ಹೊತ್ತಾದ ಹುಡುಗಿಯಂತೆ ನಡೆದಳು. ನೋಡಿ ನನಗೆ ಸಂಕಟವಾಯಿತು. ಪ್ರತಿಜ್ಞೆಯೂ ಗಟ್ಟಿಯಾಯಿತು. ಅರಮನೆಯ ಪರದೆಗಳ ಮುಂದೆ ಎರಡೂ ಕೈ ಜೇಬಿನಲ್ಲಿಟ್ಟುಕೊಂಡೇ ನಡೆದೆ!

ಕ್ರಿಸ್‌ಮಸ್ ದಿನ ಬೆಳಿಗ್ಗೆ ಆನಂದಕುಮಾರ್ ನಮ್ಮನ್ನು ಕುಕ್ಕರಹಳ್ಳಿ ಕೆರೆ ದಂಡೆಗೆ ಕರೆದೊಯ್ದ; ಅವನು ಮೊದಲೇ ಹೇಳಿಟ್ಟಿದ್ದಂತೆ ಮೇಡಂ ಅಲ್ಲಿ ಸಿಕ್ಕರು. ಶೋಭಾ ನಾಚಿಕೊಂಡು, ಅವರ ಪಕ್ಕಕ್ಕೆ ನನ್ನನ್ನು ನೂಕಿ ತಾನು ಬೆಂಚಿನ ತುದಿಗೆ ಕುಳಿತಳು.

"ಏನಮ್ಮ, ಏನೋ ಕೇಳ್ಬೇಕು ಅಂದಿದ್ಯಂತೆ?" ಎಂದರು ಮೇಡಂ.

"ಏನಿಲ್ಲ ಮೇಡಂ... ಚಳಿ ಜಾಸ್ತಿ ಐತಲ್ವಾ?"

ಇಪ್ಪತ್ತೆರಡು ವರ್ಷದ ಆಸೆ ಚಳಿಯ ವಿಚಾರಣೆಗೆ ಬಂದು ನಿಂತಿತು! ನೀರಿನ ಮೇಲೆ ಮಂಜು ತೇಲುತ್ತಿತ್ತು, ದೂರದಲ್ಲಿ ಚರ್ಚಿನ ಗಂಟೆ ಮೊಳಗುತ್ತಿತ್ತು. ನನಗೆ ಹಾಯಾಗಿ ಜೊಂಪು ಹತ್ತಿತು. ಕನಸಿನಲ್ಲಿ ಆ ಮಂಜೇ ನನ್ನ ಮಗ್ಗದ ಹಾಸು, ಉದ್ದಕ್ಕೆ ಬಿಗಿದ ಎಳೆಗಳ ಸಾಲು. ಒಂದು ಹಾಸು ಮುಗಿದಾಗ ಅದರ ಒಂದೊಂದು ಎಳೆಗೂ ಹೊಸ ಹಾಸಿನ ಎಳೆ ಸೇರಿಸಿ ಗಂಟು ಹಾಕುವುದು ನಮ್ಮ ಕಸುಬು. ಹಾಕಿದೆ, ಹಾಕುತ್ತಲೇ ಇದ್ದೆ. ಎಂಥ ಸುಖ!

"ಸರಿ, ನಾನಿನ್ನು ಬರ್ತೀನಿ" ಎಂದು ಮೇಡಂ ಎದ್ದರು. ಜತೆಗೆ ಶೋಭಾಳೂ ಜಗ್ಗಿಕೊಂಡು ನನ್ನ ಮೇಲೆ ಬಿದ್ದಳು.

ನನ್ನ ಬಲ ಮಂಡಿಯ ಮೇಲೆ ಮೇಡಂ ಶಾಲಿನ ಎಳೆಗಳು, ಎಡ ಮಂಡಿಯ ಮೇಲೆ ಶೋಭಾಳ ಹೊಸ ಸೀರೆಯ, ಇನ್ನೂ ಕುಚ್ಚು ಕಟ್ಟಿರದ ಸೆರಗಿನ ಎಳೆಗಳು. ಎರಡನ್ನೂ ಸೇರಿಸಿ ನಾನು ನಲವತ್ತಾರು ಗಂಟು ಬಿಗಿದಿದ್ದೆ!

"ಅಯ್ಯೋ ದೇವುಡಾ! ಏನ್ ಮಾಡ್ಬುಟ್ರಿ?"

"ನಾನಲ್ಲ ಕಣೆ, ಬೆರಳು!"

"ಬಾವ, ಕತ್ತರಿ ತತ್ತೀನಿ ಇರು" ಎಂದು ಆನಂದಕುಮಾರ್ ಹೊರಟ.

"ತಂದೀಯ, ಜೋಕೆ! ನಮ್ಮಮ್ಮನ ಶಾಲು ಇದು. ಕಟ್ಟಿದವರೇ ಬಿಚ್ಚಲಿ" ಎಂದು ಮೇಡಂ ಗದರಿದರು.

"ನೇಕಾರನ ಗಂಟು ಮೇಡಂ, ಅಷ್ಟು ಸುಲಭಕ್ಕೆ ಬಿಚ್ಚಲ್ಲ" ಎಂದು ಹೆಮ್ಮೆಯಿಂದ ಅಂದುಬಿಟ್ಟೆ. ಶೋಭಾ ನೋಡಿದ ನೋಟಕ್ಕೆ ತಕ್ಷಣ ಹುಲ್ಲಿನ ಮೇಲೆ ಮಂಡಿಯೂರಿ, ಅವಳದೇ ಪಿನ್ನು ಈಸಿಕೊಂಡು ಶುರು ಮಾಡಿದೆ.

ಮೇಡಂ, ಶೋಭಾ ಇಬ್ಬರೂ ಒಬ್ಬರಿಗೊಬ್ಬರು ಅಂಟಿಕೊಂಡು ಕೂರಬೇಕಾಯಿತು. ಮೊದಲು ನಕ್ಕವರು ಮೇಡಂ. ಆ ನಗುವಿಗೆ ಶೋಭಾಳ ಬಾಯಿ ಬಿಚ್ಚಿತು, ಆಮೇಲೆ ಮುಚ್ಚಲೇ ಇಲ್ಲ! ಹತ್ತನೇ ಗಂಟಿಗೆ ಮಾತು ನಮ್ಮೂರ ಪಕ್ಕದ ಲೇಪಾಕ್ಷಿ ಗುಡಿಗೆ ಬಂತು. "ಅಲ್ಲಿ ಮೇಲ್ಚಾವಣಿ ಚಿತ್ರದಾಗೆ ಹೆಂಗಸ್ರು ಉಟ್ಟಿರೋ ಸೀರೆ ಅಂಚು ಒಂದೊಂದೂ ಬರ್ಕೊಂಡಿದೀನಿ ಮೇಡಂ. ಮೂರು ನೋಟ್‌ಬುಕ್ ತುಂಬೈತೆ."

ಇದು ನನಗೇ ಗೊತ್ತಿರಲಿಲ್ಲ. ಪಿನ್ನು ಬೆರಳಿಗೆ ಚುಚ್ಚಿತು.

ಮೇಡಂ ನೆಟ್ಟಗೆ ಕುಳಿತರು. "ನೀನು ಓದದೆ ಇನ್ಯಾರು ಓದ್ಬೇಕಮ್ಮ? ತೆಗಿ ಫೋನು, ಅರ್ಜಿ ಈಗಲೇ ತುಂಬೋಣ. ಮನೇಲಿ ಅಡ್ಡಿ ಏನಿಲ್ಲ ತಾನೇ?"

ಇಬ್ಬರೂ ಬಗ್ಗಿ ನನ್ನನ್ನು ನೋಡಿದರು. ಬೆರಳು ಚೀಪುತ್ತಲೇ ಇಲ್ಲವೆಂದು ತಲೆಯಾಡಿಸಿದೆ.

"ಅಲ್ಲಮ್ಮ, ಆವಾಗ ಸೀಟು ಕೊಟ್ರೂ ಯಾಕೆ ಬರ್ಲಿಲ್ಲ ನೀನು?"

ಶೋಭಾ ಫೋನಿನಿಂದ ತಲೆಯೆತ್ತದೆ ಹೇಳಿದಳು. "ಆವಾಗ ಇವ್ರು ಮೂರು ಗಂಟು ಹಾಕಿ ಇಲ್ಲಿಗೆ ಬರದಂಗೆ ಮಾಡ್ಬುಟ್ರು ಮೇಡಂ. ಇವತ್ತು ನಲವತ್ತಾರು ಹಾಕಿ, ಎದ್ದು ಹೋಗದಂಗೆ ಮಾಡವ್ರೆ!"

ನಾನು ಮುಂದಿನ ಗಂಟಿಗೆ ಪಿನ್ನು ಹಾಕಿದೆ. ಇನ್ನೂ ಹತ್ತೊಂಬತ್ತು ಬಾಕಿ ಇದ್ದವು.