ಎದುರುಬದುರು ಪಟೇಲರು

ನನಗಾಗ ಎಪ್ಪತ್ತೊಂದು. ಇದು ನಡೆದು ನಾಲ್ಕು ವರ್ಷವಾಯಿತು. ವಯಸ್ಸನ್ನು ಮೊದಲೇ ಹೇಳಿಬಿಡುವುದು ಯಾಕೆಂದರೆ, ಆ ವಯಸ್ಸಿನಲ್ಲಿ ರೇಷ್ಮೆ ಸೀರೆ ಉಟ್ಟುಕೊಂಡು ನಡುಬೀದಿಯಲ್ಲಿ ನಿಂತು ಕೂಗಿದ್ದು ಸರಿಯೇ ಎಂದು ನನ್ನ ಸೊಸೆ ಇವತ್ತಿಗೂ ಕೇಳುತ್ತಾಳೆ. ನನಗೆ ಓದು ಅಷ್ಟಕ್ಕಷ್ಟೆ. ಬಸ್ಸಿನ ಬೋರ್ಡು ಓದುವಷ್ಟು ಅಕ್ಷರ ಬರುತ್ತದೆ. ಓದಿ ಮುಗಿಸುವ ಹೊತ್ತಿಗೆ ಬಸ್ಸು ಹೋಗಿರುತ್ತದೆ. ಆದರೂ ಒಂದು ವಿಷಯದಲ್ಲಿ ನನ್ನಷ್ಟು ತಿಳಿದವರು ಜರಗನಹಳ್ಳಿಯಲ್ಲಿ ಇಲ್ಲ. ಅದು ಪಟೇಲಿಕೆ. ಐವತ್ತು ವರ್ಷಕ್ಕೂ ಮೇಲೆ ಅದರ ಚರಿತ್ರೆಯನ್ನು ಕೇಳಿಸಿಕೊಂಡು ಅನ್ನ ಬಡಿಸಿದ್ದೇನೆ. ವಂಶದಿಂದ ಬಂದ ಬಿರುದು ಹೊಟ್ಟೆ ತುಂಬಿಸುವುದಿಲ್ಲ, ಮೈ ಮುಚ್ಚುವುದಿಲ್ಲ; ಇರುವವರಿಗೆ ಗಂಟಲು ದೊಡ್ಡದಾಗುತ್ತದೆ, ಅಷ್ಟೆ.

ನಮ್ಮ ಬೀದಿಯಲ್ಲಿ ಪಟೇಲರ ಮನೆ ಎರಡು. ಎದುರುಬದುರು. ನಮ್ಮ ಗೇಟಿನ ಮೇಲೆ ‘ಪಟೇಲ್ ನಿಲಯ’, ಅವರ ಗೇಟಿನ ಮೇಲೆ ‘ಪಟೇಲ್ ಹೌಸ್’. ಪಾರ್ಸೆಲ್ ತರುವವರು ನಮ್ಮ ಚಪ್ಪಲಿಯನ್ನು ಅಲ್ಲಿಗೂ ಅವರ ಮಿಕ್ಸಿಯನ್ನು ಇಲ್ಲಿಗೂ ಕೊಟ್ಟು ಹೋಗುತ್ತಾರೆ. ಮುತ್ತಜ್ಜನ ಕಾಲದಲ್ಲಿ ಇಬ್ಬರು ಅಣ್ಣತಮ್ಮಂದಿರಿದ್ದರಂತೆ. ನಮ್ಮ ಮನೆಯ ಚರಿತ್ರೆಯ ಪ್ರಕಾರ, ಅರಮನೆಯವರು ಹಿರಿಯನನ್ನು ಕರೆದು, ಊರಿನ ಕಂದಾಯ ವಸೂಲಿಯ ಅಧಿಕಾರ ಕೊಟ್ಟು, ಬೆಳ್ಳಿ ಕಟ್ಟಿದ ಕೋಲು ಕೈಗಿಟ್ಟರು. ಎದುರು ಮನೆಯ ಚರಿತ್ರೆಯ ಪ್ರಕಾರ, ಹಿರಿಯನು ತನ್ನ ಹೆಂಡತಿಯ ತವರಿಗೆ ಹೋದವನು ಅಲ್ಲಿನ ಊಟ ರುಚಿಸಿ ವರ್ಷಗಟ್ಟಲೆ ಬರಲೇ ಇಲ್ಲ, ಬಿಸಿಲಲ್ಲಿ ಅಲೆದು ವಸೂಲಿ ಮಾಡಿದವನು ಕಿರಿಯ. ಎರಡೂ ನಿಜವಿರಬಹುದು. ನಮ್ಮ ಮನೆಯ ಗಂಡಸರನ್ನು ನೋಡಿದರೆ ಎರಡನೆಯದು ಹೆಚ್ಚು ನಿಜ ಅನ್ನಿಸುತ್ತದೆ. ಕೋಲಂತೂ ನಮ್ಮಲ್ಲೇ ಇದೆ. ತಾರಸಿಯ ಮೇಲೆ ತಂತಿಯಲ್ಲಿ ಸಿಕ್ಕಿಕೊಂಡ ಬಟ್ಟೆ ಇಳಿಸಲು ಅದರಷ್ಟು ಉದ್ದದ ಕೋಲು ಬೇರೆ ಇಲ್ಲ.

ನಾನು ಈ ಮನೆಗೆ ಕಾಲಿಡುವ ಮೊದಲೇ ಸರ್ಕಾರ ಪಟೇಲಿಕೆಯನ್ನು ತೆಗೆದುಹಾಕಿತ್ತು. ಹೆಣ್ಣು ಕೇಳಲು ಬಂದವರು ಅದನ್ನು ಹೇಳಿರಲಿಲ್ಲ. ಈಗ ಕಂದಾಯ ಎತ್ತಲು ಹೊಲಗಳೂ ಇಲ್ಲ. ರಾಗಿ ಬೆಳೆಯುತ್ತಿದ್ದ ಕಡೆ ಪಿಜಿ, ಜಿಮ್ಮು, ಇಡ್ಲಿ ಹೋಟೆಲು. ಅಧಿಕಾರ ಹೋಗಿ ಉಳಿದದ್ದು ಒಂದೇ, ಮೊದಲನೇ ವೀಳ್ಯ. ನಮ್ಮಲ್ಲಿ ಹೆಣ್ಣಿನ ಮನೆಯವರು ಧಾರೆಗೆ ಮುಂಚೆ ಊರಿನ ಹಿರಿಯರನ್ನು ಹೆಸರು ಹಿಡಿದು ಕರೆದು ಎಲೆ ಅಡಿಕೆ ಕೊಡಬೇಕು. ಮೊದಲನೆಯದು ಪಟೇಲರಿಗೆ. ಅವರು ತೆಗೆದುಕೊಂಡರೆ ಊರು ಒಪ್ಪಿತು ಎಂದು ಅರ್ಥ. ಅದಾಗದೆ ಗಂಡಿನ ಕಡೆಯವರು ಹಸೆಮಣೆಯ ಹತ್ತಿರ ಸುಳಿಯುವುದಿಲ್ಲ. ಎರಡು ಎಲೆ, ಒಂದು ಅಡಿಕೆ. ಅಗಿಯಲು ಈಗ ಯಾರಿಗೂ ಹಲ್ಲಿಲ್ಲ. ಆದರೂ ಅದಕ್ಕಾಗಿ ನನ್ನ ಗಂಡ ಅರಳಿಕಟ್ಟೆಯ ಮೇಲೆ ಊರು ಸೇರಿಸಿ, “ಎದುರು ಮನೆಯವರು ಹೆಸರಿಗೆ ಪಟೇಲರು, ವೀಳ್ಯಕ್ಕಲ್ಲ” ಎಂದು ತೀರ್ಮಾನ ಮಾಡಿಸಿದರು. ಆಮೇಲೆ ಎದುರು ಮನೆಯ ಪಿಳ್ಳಪ್ಪ ಊರಿನ ಯಾವ ಮದುವೆಗೂ ಬರಲಿಲ್ಲ. ಊಟಕ್ಕೆ ಮಾತ್ರ ಹೆಂಡತಿಯನ್ನು ಕಳುಹಿಸುತ್ತಿದ್ದ.

ಗೆದ್ದ ಖುಷಿಯಲ್ಲಿ ನಮ್ಮವರು ಒಂದು ಸಣ್ಣ ವಿಷಯ ಮರೆತಿದ್ದರು. ಮರೆತದ್ದು ಬೇಗ ಗೊತ್ತಾಗಲೂ ಇಲ್ಲ, ನಮಗೆ ಹೆಣ್ಣುಮಕ್ಕಳಿರಲಿಲ್ಲ. ಒಬ್ಬನೇ ಮಗ ರಾಮಚಂದ್ರ, ಅವನ ಮದುವೆ ಬೀಗರ ಊರಿನಲ್ಲಾಯಿತು. ಹಾಗಾಗಿ ನಮ್ಮ ಮನೆಯಿಂದ ವೀಳ್ಯ ಕೊಡುವ ಪ್ರಸಂಗವೇ ಬಂದಿರಲಿಲ್ಲ. ಬಂದದ್ದು ನಾಲ್ಕು ವರ್ಷದ ಹಿಂದೆ, ಮೊಮ್ಮಗಳು ಸಹನಾಳ ಮದುವೆಗೆ.

ಛತ್ರ ನಮ್ಮ ಬೀದಿಯ ಕೊನೆಯಲ್ಲೇ ಇತ್ತು. ಬೆಳಿಗ್ಗೆ ವೀಳ್ಯದ ತಟ್ಟೆ ಹಿಡಿದು ರಾಮಚಂದ್ರ ನಿಂತ. ಗಂಡಿನ ಕಡೆಯ ಹಿರಿಯರೊಬ್ಬರು, ಕನಕಪುರದ ಕಡೆಯವರು, ಪೇಟ ಸರಿಮಾಡಿಕೊಂಡು ಕೇಳಿದರು, “ಎಲ್ಲವ್ರಪ್ಪ ನಿಮ್ಮೂರ ಪಟೇಲ್ರು?”

“ನಾನೇ” ಎಂದ ನನ್ನ ಮಗ, ಎದೆ ಮುಂದೆ ಮಾಡಿ.

“ಕೊಡೋನು ಯಾರು?”

“ಅದೂ ನಾನೇ. ಹುಡುಗಿ ಅಪ್ಪ.”

“ಬಲಗೈಲಿ ಕೊಟ್ಟು ಎಡಗೈಲಿ ಈಸ್ಕೊತೀಯಾ? ಊರು ಒಪ್ಪಿದ್ದು ಹೆಂಗಾಯ್ತದೆ ಅದು? ಪಟೇಲ್ರ ಮನೇಲೇ ಮದುವೆ ಆದ್ರೆ ವೀಳ್ಯ ದಾಯಾದಿ ಮನೆಗೆ ಹೋಗ್ಬೇಕು. ಆಮೇಲೆ ಅವ್ರ ಮನೇಲಿ ಮದುವೆ ಆಗೋವರ್ಗೂ ಅವ್ರದ್ದೇ. ನಮ್ಮಲ್ಲಿ ಹಂಗೆ, ನಿಮ್ಮಲ್ಲಿ ಹೆಂಗೋ.”

ನಮ್ಮಲ್ಲೂ ಹಾಗೆಯೇ. ನಮ್ಮ ಮುದುಕರೆಲ್ಲ ತಲೆಯಾಡಿಸಿದರು. ಅರಳಿಕಟ್ಟೆಯಲ್ಲಿ ಅವತ್ತು ನನ್ನ ಗಂಡನಿಗೆ ತಲೆಯಾಡಿಸಿದವರೂ ಅವರೇ. ಪುರೋಹಿತರು ವಾಚು ನೋಡಿಕೊಂಡು, “ಮುಹೂರ್ತ ಮೀರಿದ್ರೆ ಮತ್ತೆ ಮುಂದಿನ ತಿಂಗಳೇ ಅಮ್ಮಾ” ಎಂದರು. ಒಳಗೆ ಸಹನಾ ಜಡೆ ಕಟ್ಟಿಸಿಕೊಂಡು, ಮುಖಕ್ಕೆಲ್ಲ ಬಳಿದುಕೊಂಡು ಕೂತಿದ್ದಳು. ನನ್ನನ್ನು ನೋಡಿ, “ಅಜ್ಜಿ, ಒಂದು ಎಲೆ ಅಡಿಕೆಗೆ ನನ್ ಮದುವೆ ನಿಲ್ಲತ್ತಾ?” ಎಂದಳು. ಕಣ್ಣಲ್ಲಿ ನೀರು ತುಂಬಿಕೊಂಡು ಮೇಲೆ ನೋಡುತ್ತಿದ್ದಳು, ಕೆಳಗೆ ನೋಡಿದರೆ ಕಪ್ಪು ಇಳಿಯುತ್ತದೆ ಎಂದು.

ರಾಮಚಂದ್ರನಿಗೆ ಎದುರು ಮನೆಗೆ ಹೋಗು ಎಂದೆ. “ಅಪ್ಪನ ಮಾತು ನಾನು ಮುರಿಯಲ್ಲ” ಎಂದ. ಅಪ್ಪ ಬದುಕಿದ್ದಾಗ ಒಂದು ದಿನವೂ ಅವರ ಮಾತು ಕೇಳಿದವನಲ್ಲ. ಸೆರಗು ಸಿಕ್ಕಿಸಿಕೊಂಡು ನಾನೇ ಹೊರಟೆ.

ಪಿಳ್ಳಪ್ಪ ಬನಿಯನ್ ಹಾಕಿಕೊಂಡು ಜಗುಲಿಯ ಮೇಲೆ ಕೂತಿದ್ದ, ಏನೂ ಗೊತ್ತಿಲ್ಲದವನ ಹಾಗೆ. ಆದರೆ ತಲೆಗೆ ಎಣ್ಣೆ ಹಚ್ಚಿ ಬಾಚಿದ್ದ, ಪಂಚೆಗೆ ಜರಿ ಅಂಚಿತ್ತು, ಇಸ್ತ್ರಿ ಮಾಡಿದ ಅಂಗಿ ಕೈಗೆಟಕುವ ಮೊಳೆಗೆ ನೇತಾಡುತ್ತಿತ್ತು.

“ಏನ್ ನಿಂಗಮ್ಮ, ದಾರಿ ತಪ್ತಾ?”

“ಛತ್ರಕ್ಕೆ ಬಾ. ಮೊದ್ಲನೇ ವೀಳ್ಯ ತಗೋಬೇಕು.”

“ಅದು ಪಟೇಲ್ರದ್ದಲ್ವಾ? ನಾನು ಬರೀ ಹೆಸರಿಗೆ. ನಿನ್ ಗಂಡನೇ ಹೇಳಿದ್ದು.”

“ಅವ್ರು ಸತ್ತು ಹತ್ತು ವರ್ಷ ಆಯ್ತು. ಹೋಗಿ ಕೇಳ್ಕೊಂಡ್ ಬರ್ತೀಯಾ?”

ಒಳಗಿಂದ ಅವನ ಮೊಮ್ಮಗಳು ಕಾವ್ಯಾ ಬಂದಳು. ಬ್ಯಾಂಕಿನಲ್ಲಿ ಕೆಲಸ, ಮೂವತ್ತು ದಾಟಿದೆ. ಭಾನುವಾರ ಬಂದರೆ ಬೂಟು ಹಾಕಿಕೊಂಡು ಬೆಟ್ಟ ಹತ್ತಲು ಹೋಗುತ್ತಾಳೆ. ನೋಡಲು ಬಂದ ಗಂಡುಗಳನ್ನೆಲ್ಲ ಕಾಫಿ ಕುಡಿಸಿ ವಾಪಸ್ಸು ಕಳುಹಿಸಿದ್ದಾಳೆ. “ತಾತ, ಬೆಳಿಗ್ಗೆ ಐದಕ್ಕೇ ಎದ್ದು ರೆಡಿಯಾಗಿ ಕೂತಿದ್ದೀಯಲ್ಲ, ಹೋಗು ಸುಮ್ನೆ” ಎಂದಳು.

“ನೀನು ಒಳಗೋಗು” ಎಂದು ಅವಳನ್ನು ಗದರಿಸಿ, ನನ್ನ ಕಡೆ ತಿರುಗಿದ. “ಕಟ್ಟೆ ಮೇಲೆ ಊರೆಲ್ಲ ಕೇಳೋ ಹಂಗೆ ಅಲ್ಲ ಅಂದ್ರಿ. ಈಗ ಊರೆಲ್ಲ ಕೇಳೋ ಹಂಗೆ ಹೌದು ಅನ್ನು. ಬೀದೀಲಿ ನಿಂತ್ಕೊಂಡು ಪಟೇಲ್ರೇ ಬನ್ನಿ ಅಂತ ಕರಿ.”

ಗೇಟಿನಾಚೆ ಹೋಗಿ ಕರೆದೆ. “ಕಿವಿ ಕೇಳ್ಸಲ್ಲ ನಂಗೆ” ಎಂದ. ಅವನ ಕಿವಿ ಚೆನ್ನಾಗಿದೆ. ನಮ್ಮ ಮನೆಯಲ್ಲಿ ಒಗ್ಗರಣೆ ಸಿಡಿದರೆ ಅಲ್ಲಿಂದ ಸೀನುತ್ತಾನೆ. ಇರಲಿ ಎಂದು ಉಸಿರೆಳೆದುಕೊಂಡು, “ಪಟೇಲ್ರೇ, ಬನ್ನಿ!” ಎಂದು ಕೂಗಿದೆ. ಬೀದಿನಾಯಿಗಳೆಲ್ಲ ಎದ್ದು ನಿಂತವು. ಪಿಜಿಯ ಹುಡುಗಿಯರು ಬಾಲ್ಕನಿಗೆ ಬಂದರು. ನಮ್ಮ ಮೇಲಿನ ಮನೆಯ ಬಾಡಿಗೆಯವನು ಹಲ್ಲುಜ್ಜುತ್ತಲೇ ಬಗ್ಗಿ ನೋಡಿ, “ಆಂಟಿ, ಪಟೇಲ್ ನಿಮ್ಮನೆ ಅಲ್ವಾ? ನಿಮ್ಮನ್ನ ನೀವೇ ಕರೀತಿದ್ದೀರಾ?” ಎಂದ.

ಪಿಳ್ಳಪ್ಪ ಅಂಗಿ ತೊಟ್ಟು, ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡು ಹೊರಟ. ಅವನು ಅಷ್ಟು ನಿಧಾನವಾಗಿ ನಡೆದದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಬಸ್ಸಿಗೆ ಓಡುತ್ತಾನೆ, ಹಾಲಿಗೆ ಓಡುತ್ತಾನೆ. ಅವತ್ತು ಮಾತ್ರ ಅಂಬಾರಿಯ ಆನೆಯ ನಡಿಗೆ. ಛತ್ರದಲ್ಲಿ ರಾಮಚಂದ್ರ ಬೇರೆ ಎಲ್ಲೋ ನೋಡುತ್ತಾ ತಟ್ಟೆ ಚಾಚಿದ. ಪಿಳ್ಳಪ್ಪ ಎರಡೂ ಕೈಯಲ್ಲಿ ವೀಳ್ಯ ತೆಗೆದುಕೊಂಡು ಕಣ್ಣಿಗೊತ್ತಿಕೊಂಡು, “ಊರು ಒಪ್ಪೈತೆ” ಎಂದ. ಗಂಡಿನ ಕಡೆಯವರು ಎದ್ದರು. ವಾಲಗ ಶುರುವಾಯಿತು. ಸಹನಾ ಕೊನೆಗೂ ಕೆಳಗೆ ನೋಡಿದಳು, ಕಪ್ಪೆಲ್ಲ ಇಳಿಯಿತು. ಮದುವೆಯ ಫೋಟೋದಲ್ಲಿ ಹಾಗೆಯೇ ಇದೆ.

ಊಟದ ಮನೆಯಲ್ಲಿ ರಾಮಚಂದ್ರ ನನ್ನ ಪಕ್ಕ ಕೂತು, “ತಲೆಮಾರಿನಿಂದ ಕಾಪಾಡ್ಕೊಂಡ್ ಬಂದಿದ್ದನ್ನ ಒಂದು ಕೂಗಿಗೆ ಕೊಟ್ಬಿಟ್ಯಲ್ಲಮ್ಮ” ಎಂದು ಗೊಣಗಿದ. “ಇದ್ದದ್ದು ಎರಡು ಎಲೆ, ತಿನ್ನೋ ಸುಮ್ನೆ” ಎಂದೆ. ನಿಜವಾಗಿಯೂ ನನಗೆ ಏನೂ ಅನ್ನಿಸಿರಲಿಲ್ಲ. ಇದು ಒಬ್ಬಟ್ಟು ಬಡಿಸುವವರೆಗಿನ ಮಾತು.

ಒಬ್ಬಟ್ಟು ಬಂದಾಗ ಬಡಿಸುವವರು ನನ್ನ ಎಲೆಯನ್ನು ದಾಟಿಕೊಂಡು ಹೋಗಿ, “ಮೊದ್ಲು ಪಟೇಲಮ್ಮನಿಗೆ” ಎಂದು ಪಿಳ್ಳಪ್ಪನ ಹೆಂಡತಿಯ ಎಲೆಗೆ ಹಾಕಿದರು. ನಾನು ಮದುವೆಯಾಗಿ ಬಂದಾಗಿನಿಂದ ಈ ಊರಿನಲ್ಲಿ ಪಟೇಲಮ್ಮ ಎಂದರೆ ನಾನು. ಅವಳು ನನ್ನ ಕಡೆ ತಿರುಗಿ ನೋಡಿದಳು, ಬಡಿಸುವವರನ್ನು ತುಪ್ಪ ಕೇಳಿದಳು. ಕೈ ತೊಳೆಯುವ ಹತ್ತಿರ ಪಿಳ್ಳಪ್ಪ ಸಿಕ್ಕಿ, “ಇನ್ಮೇಲೆ ನಮ್ಮನೇಲಿ ಮದುವೆ ಆಗೋವರ್ಗೂ ನಂದೇ, ಗೊತ್ತಲ್ಲ? ನಮ್ ಕಾವ್ಯಾ ಅಂತೂ ಮದುವೇನೇ ಬೇಡ ಅಂತವ್ಳೆ” ಎಂದು ಬಾಯಿ ತುಂಬಾ ನಕ್ಕ. ಮೊಮ್ಮಗಳು ಮದುವೆಯಾಗುವುದಿಲ್ಲ ಎಂದು ಅಷ್ಟು ಸಂತೋಷಪಟ್ಟ ತಾತನನ್ನು ನಾನು ಕಂಡಿಲ್ಲ.

ಬಿರುದು ಹೊಟ್ಟೆ ತುಂಬಿಸುವುದಿಲ್ಲ ಎಂದು ಮೊದಲೇ ಹೇಳಿದ್ದೇನೆ. ಆ ಮಾತು ಹಾಗೇ ಇರಲಿ. ಅವತ್ತು ನನಗೆ ಒಬ್ಬಟ್ಟು ಸೇರಲಿಲ್ಲ ಎಂಬುದೂ ಇರಲಿ.

ಮಾರನೆಯ ಬೆಳಿಗ್ಗೆ ಛತ್ರದ ಪಾತ್ರೆಗಳನ್ನು ಲೆಕ್ಕ ಹಾಕಿಕೊಳ್ಳಲು ಸೊಸೆಗೆ ಹೇಳಿ, ಮೊದಲ ಬಸ್ಸಿಗೆ ನನ್ನ ತವರು ಉತ್ತರಹಳ್ಳಿಗೆ ಹೋದೆ. ನನ್ನ ತಮ್ಮನ ಮೊಮ್ಮಗ ಒಬ್ಬನಿದ್ದಾನೆ, ಒಳ್ಳೆಯ ಹುಡುಗ, ಮದುವೆ ಇನ್ನೂ ಆಗಿಲ್ಲ, ಸ್ವಲ್ಪ ದಪ್ಪ. ನನ್ನನ್ನು ನೋಡಿ, “ಏನಜ್ಜಿ ಇಷ್ಟೊತ್ಗೆ? ಕೂತ್ಕೊ, ಕಾಫಿ ಕೊಡ್ಲಾ?” ಎಂದ. ಕಾಫಿ ಆಮೇಲೆ ಆಗಲಿ ಎಂದು, ನಿಂತಲ್ಲೇ ಕೇಳಿದೆ:

“ನಿಂಗೆ ಬೆಟ್ಟ ಹತ್ತಕ್ಕೆ ಬರ್ತದೇನೋ?”