ಅಶ್ವತ್ಥನ ಬೇರಿಂಗ್ ಪ್ರತಿಷ್ಠಾಪನೆ

ತಣಿಸಂದ್ರದ ಅಶ್ವತ್ಥನಿಗೆ ಅಂದು ಸಮಸ್ತ ಮೆಕ್ಯಾನಿಕ್ ಕುಲದ ಮೇಲೆಯೇ ಕೋಪ. ಮರುದಿನ ಬೆಳಗ್ಗೆ ಮಗಳು ನಯನಾಳ ನಿಶ್ಚಿತಾರ್ಥ. ಅದು ಮನೆ ಹಿಂದಿನ ಹುಲ್ಲುಹಾಸಿನ ಮೇಲೆಯೇ ಆಗಬೇಕೆಂದು ಹಟ ಹಿಡಿದವನೂ ಅವನೇ. (ಅಜ್ಜ ರಾಗಿ ಬೆಳೆದ ಜಾಗ ಇರುವಾಗ ಛತ್ರ ಯಾಕೆ ಎಂದು ಬೀಗರ ಮುಂದೆ ಎದೆ ತಟ್ಟಿಕೊಂಡಿದ್ದ.) ಈಗ ನೋಡಿದರೆ ಹುಲ್ಲು ಮೊಣಕಾಲಿಗೆ ಬಂದಿದೆ. ಹುಲ್ಲು ಕತ್ತರಿಸುವ ಪುಟ್ಟ ಟ್ರ್ಯಾಕ್ಟರಿನ ಮುಂದಿನ ಚಕ್ರಗಳೋ, ನಡುವಿನ ಬುಶ್ ಎಂಬ ಲೋಹದ ಬಳೆ ಸವೆದು, ತುಕ್ಕು ಹಿಡಿದು, ತಿರುಗುವುದಕ್ಕೇ ಒಲ್ಲೆ ಎನ್ನುತ್ತಿವೆ. ಮೆಕ್ಯಾನಿಕ್ ಅಕ್ಬರ್ ಪಾಷಾ "ಸೋಮವಾರ ಬರ್ತೀನಿ ಅಣ್ಣಾ" ಎಂದು ಫೋನಿಟ್ಟುಬಿಟ್ಟ.

"ಯಾವನೂ ಬೇಡ! ಹಳೇ ಬುಶ್ ಕಿತ್ತು ಬಿಸಾಕಿ ಬಾಲ್ ಬೇರಿಂಗೇ ಹಾಕ್ತೀನಿ. ವಿಡಿಯೋ ನೋಡಿದೀನಿ," ಎಂದ ಅಶ್ವತ್ಥ.

"ಮಿಕ್ಸಿಗೂ ವಿಡಿಯೋ ನೋಡಿದ್ರಿ," ಎಂದಳು ಹೆಂಡತಿ ರಾಧಾಮಣಿ. "ಅವತ್ತಿಂದ ಒರಳಲ್ಲಿ ರುಬ್ತಾ ಇದೀನಿ."

ಬುಶ್ ಏನೋ ಕಿತ್ತು ಬಂತು. ಆದರೆ ಹೊಸ ಬೇರಿಂಗ್ ಚಕ್ರದ ನಡುವಿನ ತೂತಿಗೆ ಇಳಿಯಲಿಲ್ಲ. ಅಶ್ವತ್ಥ ತಟ್ಟಿದ, ಕುಟ್ಟಿದ, ಕೊನೆಗೆ ಮನೆದೇವರನ್ನು ಕೂಗಿ ಸುತ್ತಿಗೆ ಎತ್ತಿದ. ಸದ್ದಿಗೆ ಎದುರು ಅಪಾರ್ಟ್‌ಮೆಂಟಿನ ಬಾಲ್ಕನಿಗಳೆಲ್ಲ ತುಂಬಿದವು.

"ರೀ, ನಿಲ್ಸಿ! ಲೋಟದೊಳಗೆ ಲೋಟ ಸಿಕ್ಕಾಕೊಂಡ್ರೆ ಏನ್ ಮಾಡ್ತೀವಿ? ಒಳಗಡೆಗೆ ತಣ್ಣೀರು, ಹೊರಗಡೆಗೆ ಬಿಸಿನೀರು. ಕೊಡಿ ಇಲ್ಲಿ," ಎಂದಳು ರಾಧಾಮಣಿ.

"ಇದು ಇಂಜಿನಿಯರಿಂಗ್ ಕಣೇ, ಅಡುಗೆಮನೆ ಅಲ್ಲ!"

ಅವಳು ಬೇರಿಂಗುಗಳನ್ನು ಕಿತ್ತುಕೊಂಡು ಐಸ್‌ಕ್ರೀಮ್ ಡಬ್ಬಿಗೆ ಹಾಕಿ, ಫ್ರಿಜ್ಜಿನ ಬಾಗಿಲನ್ನು ಅವನಿಂದಲೇ ತೆಗೆಸಿ, ಫ್ರೀಜರಿನಲ್ಲಿಟ್ಟಳು. (ಆ ಡಬ್ಬಿಯಲ್ಲಿ ಐಸ್‌ಕ್ರೀಮ್ ಇದ್ದುದನ್ನು ಆ ಮನೆಯಲ್ಲಿ ಯಾರೂ ಕಂಡವರಿಲ್ಲ.) ಊಟವಾದ ಮೇಲೆ ಚಕ್ರದ ನಡುವಿಗೆ ಕುದಿನೀರು ಸುರಿದು, ತಣ್ಣನೆಯ ಬೇರಿಂಗನ್ನು ಹೆಬ್ಬೆರಳಿನಿಂದ ಒತ್ತಿದಳು. ಅದು ತೆಪ್ಪಗೆ ಹೋಗಿ ಕೂತಿತು! ಅಶ್ವತ್ಥನಿಗೆ ಹೋದ ಜೀವ ಬಂದಂತಾಯಿತು. ಹೆಂಡತಿಯ ಕೈಯನ್ನು ಕಣ್ಣಿಗೊತ್ತಿಕೊಳ್ಳಬೇಕು ಎನಿಸಿತು. ಬಾಯಲ್ಲಿ ಬಂದದ್ದು ಮಾತ್ರ, "ನಾನೂ ಅದನ್ನೇ ಹೇಳೋಣ ಅಂತಿದ್ದೆ."

ಚಕ್ರ ಹಾಕಿದ ಮೇಲೆ ಪೂಜೆ ಆಗದೆ ಗಾಡಿ ಕದಲಕೂಡದು ಎಂದಳು ಅವನ ತಾಯಿ ಸೊಣ್ಣಮ್ಮ. ಗಾಡಿಯನ್ನು ದಿಬ್ಬದ ಮೇಲೆ ನ್ಯೂಟ್ರಲ್ಲಿನಲ್ಲಿ ನಿಲ್ಲಿಸಿದ್ದಾಯಿತು. (ಬ್ರೇಕನ್ನು ಅಶ್ವತ್ಥ ಎಂದೂ ಮುಟ್ಟಿದವನಲ್ಲ. ಆ ತುಕ್ಕು ಚಕ್ರಗಳೇ ಇಷ್ಟು ವರ್ಷ ಅವನ ಬ್ರೇಕು.) ಸೊಣ್ಣಮ್ಮ ಚಕ್ರಗಳ ಮುಂದೆ ನಿಂಬೆಹಣ್ಣಿಟ್ಟು ಕರ್ಪೂರ ಹಚ್ಚಿದಳು. ನಯನಾ ಭಾವೀ ಗಂಡ ಬಸವಕಿರಣನಿಗೆ ವಿಡಿಯೋ ಕಾಲ್ ಮಾಡಿ ಫೋನ್ ಹಿಡಿದಳು. ಅಶ್ವತ್ಥ ಗಾಡಿಗೆ ಬೆನ್ನು ತಿರುಗಿಸಿ ಭಾಷಣ ಶುರುಮಾಡಿದ.

"ನೋಡಿ ಅಳಿಯಂದ್ರೇ, ಕಂಪನಿಯವ್ರು ಕೊಟ್ಟಿದ್ದಕ್ಕಿಂತ ಸ್ಮೂತಾಗಿ ಮಾಡಿದೀನಿ. ಬೆರಳಲ್ಲಿ ಮುಟ್ಟಿದ್ರೆ ಸಾಕು..."

ಮುಟ್ಟುವುದೂ ಬೇಕಾಗಲಿಲ್ಲ. ಹಿಂದೆ ನಿಂಬೆಹಣ್ಣು ಪಚಕ್ಕೆಂದಿತು.

"ಲೋ ಅಶ್ವತ್ಥ, ಗಾಡಿ ಅದ್ರ ಪಾಡಿಗೆ ಅದೇ ಓಯ್ತಾ ಐತಲ್ಲೋ! ದ್ಯಾವ್ರು ಬಂದವ್ನೆ!" ಎಂದು ಸೊಣ್ಣಮ್ಮ ಕೈಮುಗಿದಳು.

ಟ್ರ್ಯಾಕ್ಟರು ಇಳಿಜಾರಿನಲ್ಲಿ ನೇರವಾಗಿ, ನಾಳೆಗೆಂದು ಕೆಳಗೆ ಕಟ್ಟಿಟ್ಟಿದ್ದ ಹೂವಿನ ಮಂಟಪದ ಕಡೆಗೇ ಹೊರಟಿತ್ತು. ಅಶ್ವತ್ಥ ಓಡಿದ, ಪಂಚೆ ಕಾಲಿಗೆ ಸುತ್ತಿಕೊಂಡಿತು, ಮೊಣಕಾಲೆತ್ತರದ ಹುಲ್ಲಿನಲ್ಲಿ ಕಾಣೆಯಾದ. ತಲೆ ಎತ್ತಿ ನೋಡಿದಾಗ ರಾಧಾಮಣಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೀಟಿನ ಮೇಲೆ ಹಾರಿ ಕೂತು, ಬ್ರೇಕ್ ಒತ್ತಿದ್ದಳು. ಮಂಟಪಕ್ಕೂ ಗಾಡಿಗೂ ಗೇಣಂತರ.

"ಅತ್ತೆ ಡ್ರೈವಿಂಗ್ ಸೂಪರ್!" ಎಂದಿತು ಫೋನು.

ಹತ್ತಿದವಳು ಇಳಿಯಲಿಲ್ಲ. ಸಂಜೆಯೊಳಗೆ ಇಡೀ ಹುಲ್ಲನ್ನು ಅವಳೇ ಸಮ ಮಾಡಿದಳು. ಅಶ್ವತ್ಥ ಮಂಕರಿ ಹಿಡಿದು ಹಿಂದೆ ಹಿಂದೆ ಹುಲ್ಲು ಹೊತ್ತ. ಹೊರುತ್ತಾ, ಇವಳನ್ನು ಕಟ್ಟಿಕೊಂಡದ್ದು ನನ್ನ ಪುಣ್ಯ ಎಂದು ಮನಸಾರೆ ಅಂದುಕೊಂಡ.

ಮಾರನೆಯ ದಿನ ಬೀಗರು ಹುಲ್ಲು ನೋಡಿ ಬಾಯಿ ಬಿಟ್ಟರು. "ಯಾರ ಕೈಕೆಲಸ ಇದು?"

"ನಮ್ಮನೆಯವಳದ್ದು," ಎಂದ ಅಶ್ವತ್ಥ, ಎಲ್ಲರಿಗೂ ಕೇಳುವಂತೆ. ಅಲ್ಲಿಗೇ ನಿಲ್ಲಿಸಬಹುದಿತ್ತು. "ಬೇರಿಂಗ್ ಮಾತ್ರ ನಾನ್ ಹಾಕಿದ್ದು."

"ಊಂ," ಎಂದಳು ಸೊಣ್ಣಮ್ಮ ಎಲೆಅಡಿಕೆ ಜಗಿಯುತ್ತಾ, "ಫ್ರಿಜ್ಜಿನ ಬಾಗ್ಲು ತೆಗೆದುಕೊಟ್ಟ ಕಣವ್ವಾ, ಪಾಪ."